ಒಂದು ಚೂರು ಗಂಟು

ನಿಮಗೆ ವೀಸಾ ಬಂದ ಸುದ್ದಿಯನ್ನು ನಿಮ್ಮ ಹೆಂಡತಿಗಿಂತ ಮೊದಲು ತಿಳಿದುಕೊಳ್ಳುವವರು ಪ್ರತಿ ಮನೆತನದಲ್ಲೂ ಒಬ್ಬರು ಇರುತ್ತಾರೆ. ಗುಬ್ಬಿ, ತಿಪಟೂರು, ಕುಣಿಗಲ್ ಸೀಮೆಯಲ್ಲಿ ಇವರು ಹೆಚ್ಚಾಗಿ ದೊಡ್ಡಮ್ಮನ ರೂಪದಲ್ಲಿ ಸಿಗುತ್ತಾರೆ. ಸೋದರತ್ತೆಯಾಗಿಯೂ ಸಿಗಬಹುದು, ಅಪರೂಪಕ್ಕೆ ರಿಟೈರಾದ ಮೇಷ್ಟ್ರಾಗಿಯೂ. ಗುರುತು ಹಿಡಿಯುವುದು ಕಷ್ಟವಲ್ಲ. ಮಕ್ಕಳು ಒಂದೊಂದು ಖಂಡದಲ್ಲಿ, ತಾವು ಹಳೇ ಹೆಂಚಿನ ಮನೆಯಲ್ಲಿ. ಆ ಖಂಡಗಳ ದಿಕ್ಕಿಗೆ ಯಾರೇ ಕಾಲು ತೆಗೆದರೂ ಅವರ ಕೈಗೆ ‘ಒಂದು ಚೂರು’ ಗಂಟು. ಆ ಒಂದು ಚೂರನ್ನು ತಕ್ಕಡಿಗೆ ಹಾಕಿದರೆ ನಾಲ್ಕು ಕೆ.ಜಿ.ಗೆ ಕಡಿಮೆ ತೂಗಿದ್ದನ್ನು ನಾನು ಕಂಡಿಲ್ಲ.

ನನ್ನ ಪಾಲಿಗೆ ಬಂದವಳು ಬಿದರೆಹಳ್ಳ ಕಾವಲ್‌ನ ದೊಡ್ಡಮ್ಮ, ನಮ್ಮಮ್ಮನ ಅಕ್ಕ. ಹಿರಿಯ ಮಗ ನ್ಯೂಜೆರ್ಸಿಯಲ್ಲಿ, ಮಗಳು ಮೆಲ್ಬರ್ನಿನಲ್ಲಿ, ಕೊನೆಯವನು ದುಬೈನಲ್ಲಿ. ಆಫ್ರಿಕಾ ಖಾಲಿ ಉಳಿದದ್ದಕ್ಕೆ ದೊಡ್ಡಪ್ಪ ಬೇಗ ತೀರಿಕೊಂಡದ್ದೇ ಕಾರಣ ಎಂದು ನಮ್ಮ ಮಾವ ಒಬ್ಬರು ಪೋಲಿ ಮಾತಾಡುತ್ತಿದ್ದರು. ದೊಡ್ಡಮ್ಮ ಮಾತ್ರ ಆ ಮನೆ, ಹಿಂದಿನ ತೆಂಗಿನ ತೋಟ, ಎರಡು ಹಸು, ಒಂದು ಅಟ್ಟ ಬಿಟ್ಟು ಕದಲಿದವಳಲ್ಲ.

ಅಟ್ಟದ ವಿಷಯ ಮೊದಲೇ ಹೇಳಿಬಿಡಬೇಕು. ಗಂಟಿನ ಮೂಲ ಇದ್ದದ್ದು ಅಲ್ಲೇ. ನಮ್ಮ ಕಡೆ ಎಳನೀರಿಗೆಂದು ಕಾಯಿ ಕೀಳುವವನನ್ನು ದುಂದುಗಾರ ಎಂದು ನೋಡುತ್ತಾರೆ. ಕಾಯಿ ಬಲಿಯಬೇಕು, ಸಿಪ್ಪೆಸಮೇತ ಅಟ್ಟ ಹತ್ತಬೇಕು, ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಿಟುಕು ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಹಾಕುವುದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿದಾಗ ಊರವರೆಲ್ಲ ಲೆಕ್ಕ ಹಾಕಿದರು, ಬೈದರು, ಮತ್ತೆ ಲೆಕ್ಕ ಹಾಕಿದರು. ದೊಡ್ಡಮ್ಮನ ಅಟ್ಟದಲ್ಲಿ ಒಂದು ಮೂಲೆಗೆ ಮಾತ್ರ ಈ ಲೆಕ್ಕ ತಾಗುತ್ತಿರಲಿಲ್ಲ. ಅದು ಹೊರದೇಶದ ಮೂಲೆ. ಅಲ್ಲಿನ ಕಾಯಿಯನ್ನು ದರ ಎಷ್ಟೇ ಏರಲಿ ಮಾರುವಂತಿಲ್ಲ, ಯಾವ ದೇವರು ಬರಲಿ ಒಡೆಯುವಂತಿಲ್ಲ.

ಕಂಪನಿ ನನ್ನನ್ನು ಮೊದಲ ಸಲ ಅಮೆರಿಕಕ್ಕೆ ಕಳಿಸಿದಾಗ ಈ ಮೂಲೆಯ ಕಣ್ಣು ನನ್ನ ಮೇಲೆ ಬಿತ್ತು. ಹೊರಡುವ ಹಿಂದಿನ ದಿನ ದೊಡ್ಡಮ್ಮ ಗುಬ್ಬಿಗೆ ಬಂದು, ಬಸ್ಸು ಹಿಡಿದು, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಇಳಿದು, ಆಟೋದವನ ಜೊತೆ ಜಗಳವಾಡಿ ನಮ್ಮ ಮನೆ ಸೇರಿದಳು. ಜೊತೆಗೆ ಹಳೇ ಪಂಚೆಯಲ್ಲಿ ಕಟ್ಟಿದ ಗಂಟು. ಚಟ್ನಿಪುಡಿ, ಹುರಿಗಾಳು, ನಿಪ್ಪಟ್ಟು, ಮಾವಿನಕಾಯಿ ಉಪ್ಪಿನಕಾಯಿ, ಹುಣಸೆಹಣ್ಣು, ವಿಭೂತಿ ಗಟ್ಟಿ. ಎಲ್ಲದರ ನಡುವೆ, ಕಾವಿಗೆ ಕೂತ ಕೋಳಿಯ ಕೆಳಗೆ ಇಟ್ಟಹಾಗೆ ಬೆಚ್ಚಗೆ ಜೋಡಿಸಿದ ಕೊಬ್ಬರಿ.

ಪೆಟ್ಟಿಗೆಗೆ 23 ಕೆ.ಜಿ. ಮಿತಿ. ಮೈತೂಕದ ಯಂತ್ರದ ಮೇಲೆ ನಾನು ಪೆಟ್ಟಿಗೆ ಹೊತ್ತು ನಿಂತೆ. ಮುಳ್ಳು ನೋಡಿದ ಹೆಂಡತಿ ಮೊದಲು ನನ್ನ ಹೊಟ್ಟೆಯನ್ನು, ಆಮೇಲೆ ಗಂಟನ್ನು ನೋಡಿದಳು. ನಾನು ಇಳಿದು ನಿಪ್ಪಟ್ಟಿನ ಡಬ್ಬಿ ಹೊರಗಿಟ್ಟೆ. ದೊಡ್ಡಮ್ಮ ನನ್ನ ಒಂದು ಜೊತೆ ಪ್ಯಾಂಟು ಹೊರಗಿಟ್ಟಳು.

“ದೊಡ್ಡಮ್ಮ, ಅದು ಆಫೀಸಿಗೆ ಬೇಕು.”

“ಅಲ್ಲಿ ಬಟ್ಟೆ ಸಿಗಲ್ವಾ?”

“ಸಿಗುತ್ತೆ. ಚಟ್ನಿಪುಡೀನೂ ಸಿಗುತ್ತೆ. ಎಡಿಸನ್‌ನಲ್ಲಿ ಓಕ್ ಟ್ರೀ ರಸ್ತೆ ಅಂತ ಇದೆ, ಉದ್ದಕ್ಕೂ ನಮ್ಮೋರ ಅಂಗಡಿ.”

“ನಂದು ಸಿಗುತ್ತಾ?”

ಈ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಪ್ಯಾಂಟು ತುಮಕೂರಿನಲ್ಲೇ ಉಳಿಯಿತು.

ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ಮುಟ್ಟಿದಾಗ ನಡುರಾತ್ರಿ. ಪೆಟ್ಟಿಗೆ ಎಕ್ಸರೇ ಯಂತ್ರದೊಳಗೆ ಹೋಯಿತು, ನನ್ನ ಹೆಸರು ಕೂಗಿದರು. ಪರದೆಯ ಮೇಲೆ ಸಾಲಾಗಿ ಗುಂಡುಗುಂಡು ಕಪ್ಪು ಆಕೃತಿಗಳು. ತಪಾಸಣೆಯ ಹುಡುಗ ಪೆಟ್ಟಿಗೆ ತೆಗೆಸಿದ, ಒಂದು ಉಂಡೆಯನ್ನು ಬೆಳಕಿಗೆ ಹಿಡಿದು “ಕೊಬ್ಬರಿ ಹೋಗಲ್ಲ ಸಾರ್” ಎಂದ. ಹೊಸ ಪುಂಡಾಟವೇನಲ್ಲ ಇದು. ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತು ಪಾಲಿಗೂ ಮಿಗಿಲಾಗಿ ಎಣ್ಣೆ ಇರುತ್ತದೆ. ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಗಳಲ್ಲಿ ಅದಕ್ಕೆ 1363 ಎಂಬ ನಂಬರೇ ಇದೆ. ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗ. ತಿಪಟೂರಿನ ಅರ್ಧ ಮಾರುಕಟ್ಟೆಯೇ ಆ ಪಟ್ಟಿಯ ಕೆಳಗೆ ಬರುತ್ತದೆ ಎಂದು ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಸ್ಫೋಟಕ ಸಾಗಿಸುವವನ ಮುಖ ಮಾಡಿಕೊಂಡು ನಾನು ದೊಡ್ಡಮ್ಮನಿಗೆ ಫೋನ್ ಮಾಡಿದೆ. ಗಂಟು ಹೊರಟ ರಾತ್ರಿ ಅವಳು ಮಲಗುತ್ತಿರಲಿಲ್ಲ.

“ಏನ್ ಮಗ, ಹತ್ತಿದ್ಯಾ?”

“ಇಲ್ಲ ದೊಡ್ಡಮ್ಮ. ಕೊಬ್ಬರಿ ಬಿಡಲ್ಲ ಅಂತಾರೆ. ಹೊತ್ಕೊಳ್ಳುತ್ತಂತೆ.”

“ನಮ್ಮ ಅಟ್ಟದ ಕೆಳಗೇ ಸೌದೆ ಒಲೆ ಐತೆ. ನಾನು ಈ ಮನೆ ಸೊಸೆಯಾಗಿ ಬಂದಾಗಿಂದ ಉರೀತೈತೆ. ಯಾವತ್ತು ಹೊತ್ಕೊಂಡೈತೆ? ಅವನ ಕೈಗೆ ಫೋನ್ ಕೊಡು.”

ಕೊಟ್ಟೆ. ಕೊಡದಿದ್ದರೆ ಅವಳೇ ಬೆಳಗಿನ ಮೊದಲ ಬಸ್ಸಿಗೆ ಹೊರಟುಬರುವ ಪೈಕಿ.

“ಯಾವೂರಪ್ಪ ನಿಂದು?”

ಹುಡುಗ ನೆಟ್ಟಗೆ ನಿಂತ. “ಅರಸೀಕೆರೆ ಹತ್ರ, ಅಜ್ಜಿ.”

“ಹಂಗಾದ್ರೆ ನಿಮ್ಮನೇಲಿ ಕೊಬ್ಬರಿ ಇಲ್ವಾ?”

“ಅದೇ ಐತೆ ಅಜ್ಜಿ. ಬ್ಯಾರೆ ಏನೈತೆ?”

“ಮತ್ತೆ ಗೊತ್ತಿದ್ದೂ ಗೊತ್ತಿದ್ದೂ ಹಿಂಗಂತೀಯಲ್ಲಪ್ಪ.”

“ರೂಲ್ಸು ಅಜ್ಜಿ. ನಮ್ಮವ್ವ ಕೊಟ್ಟಿದ್ರೂ ಬಿಡೋ ಹಂಗಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ತೀರ್ಪು ಬಂತು. “ಸರಿ. ಬಿಸಾಕ್ಬ್ಯಾಡ. ಹೊಟ್ಟೇಲಿ ಇಟ್ಕೊಂಡು ಹೋದ್ರೆ ರೂಲ್ಸು ಏನಂತೈತೆ?”

ಹುಡುಗ ನಕ್ಕುಬಿಟ್ಟ. ಅದಕ್ಕೆ ರೂಲ್ಸು ಏನೂ ಅನ್ನುವುದಿಲ್ಲವಂತೆ. ಅಮೆರಿಕದ ಕಂಪನಿಯ ಪ್ರತಿನಿಧಿಯಾದ ನಾನು ಕೋಟು ಹಾಕಿಕೊಂಡು, ಅಂತರರಾಷ್ಟ್ರೀಯ ಪ್ರಯಾಣಿಕರ ಸಾಲಿನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತು, ಒಂದು ಇಡೀ ಗಿಟುಕನ್ನು ಕಡಿದು ತಿಂದೆ. ಬೆಲ್ಲ ಗಂಟಿನ ತಳದಲ್ಲಿದೆ, ಕಚ್ಚಿಕೊ ಎಂದು ಫೋನಿನಿಂದ ನಿರ್ದೇಶನ ಬರುತ್ತಿತ್ತು. ಹುಡುಗನೂ ಒಂದು ಚೂರು ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ಹೊರಗೆ ಕಾಯುತ್ತಿದ್ದ ತಮ್ಮನಿಗೆ ದಾಟಿಸಲಾಯಿತು. ಅಟ್ಲಾಂಟಿಕ್ ಮೇಲೆ ಎಲ್ಲೋ ಹೊಟ್ಟೆ ಧಗಧಗ ಎನ್ನುತ್ತಿದ್ದಾಗ ವಿಶ್ವಸಂಸ್ಥೆಯ ಪಟ್ಟಿಯ ಬಗ್ಗೆ ನನಗೆ ಗೌರವ ಹುಟ್ಟಿತು. ಕೊಬ್ಬರಿ ತಾನಾಗಿ ಹೊತ್ತಿಕೊಳ್ಳುವುದು ನಿಜ.

ಆ ಕಡೆ ಇಳಿದ ಮೇಲೆ ವಿಭೂತಿ ಗಟ್ಟಿಯ ಸರದಿ. ಬಿಳೀ ಪುಡಿ ಏನು ಎಂದು ಅಧಿಕಾರಿ ಕೇಳಿದ. ಬಾಯಲ್ಲಿ ಹೇಳಿದರೆ ದಾರಿ ತಪ್ಪೀತೆಂದು ಮೂರು ಬೆರಳಿಗೆ ಉಜ್ಜಿಕೊಂಡು ಹಣೆಗೆ ಹಚ್ಚಿ ತೋರಿಸಿದೆ. ಅವನು ಇನ್ನೇನೂ ಕೇಳದೆ ಕಳಿಸಿದ. ಉಪ್ಪಿನಕಾಯಿ ಮಾತ್ರ ಯಾರ ಅಪ್ಪಣೆಗೂ ಕಾಯದೆ ದಾರಿಯಲ್ಲೇ ಹೊರಬಂದು ಉಳಿದಿದ್ದ ಅಂಗಿಗಳಿಗೆ ಹರಡಿಕೊಂಡಿತ್ತು. ಮೊದಲ ದಿನದ ಮೀಟಿಂಗಿನಲ್ಲಿ ನಾನು ಏನು ಮಾತಾಡಿದೆ ಎಂದು ಅಲ್ಲಿ ಯಾರಿಗೂ ನೆನಪಿರಲಾರದು; ಮೆಂತ್ಯ ಇಂಗಿನ ಒಗ್ಗರಣೆ ನೆನಪಿರುತ್ತದೆ.

ನ್ಯೂಜೆರ್ಸಿಯ ಅಣ್ಣನೋ, ಕಾರಿನಲ್ಲಿ ಕೂರುತ್ತಲೇ ನನ್ನ ಆರೋಗ್ಯ ಕೇಳುವ ಮೊದಲು “ಕೊಬ್ಬರಿ?” ಎಂದ. ಹೊಟ್ಟೆಯಲ್ಲಿದೆ ಎಂದೆ. ಮನೆಗೆ ಹೋಗಿ ಗಂಟು ಬಿಚ್ಚಿ, ಅದರಲ್ಲಿ ಉಳಿದಿದ್ದ ಒಂದೊಂದನ್ನೂ ಮೂಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ವರ್ಷ ಬರೆದು ಫ್ರೀಜರಿಗೆ ಇಟ್ಟ. ಅಲ್ಲಿ ಆಗಲೇ ಹಿಂದಿನ ವರ್ಷಗಳ ಚೀಲಗಳು ದಾಖಲೆ ಕಚೇರಿಯ ಶಿಸ್ತಿನಲ್ಲಿ ಕೂತಿದ್ದವು. ತಿನ್ನುವುದಿಲ್ಲವಾ ಎಂದೆ. ಕೊಲೆಸ್ಟ್ರಾಲ್, ಡಾಕ್ಟರು ಬೇಡ ಅಂದಿದ್ದಾರೆ ಎಂದ. ಮತ್ತೆ ಅವ್ವನಿಗೆ ಕಳಿಸಬೇಡ ಅನ್ನಬಾರದಾ ಎಂದೆ. “ಆ ಡಾಕ್ಟರೇ ಬಂದು ಹೇಳಲಿ” ಎಂದು ಫ್ರೀಜರ್ ಮುಚ್ಚಿದ.

ದೊಡ್ಡಮ್ಮನಿಗೆ ಭೂಗೋಳ ಗೊತ್ತಿತ್ತು, ಶಾಲೆಯಲ್ಲಿ ಹೇಳಿಕೊಡುವುದಲ್ಲ. ಯಾವ ದೇಶ ಏನನ್ನು ಒಳಗೆ ಬಿಡುವುದಿಲ್ಲವೋ ಅದರಿಂದ ಆ ದೇಶ ಅವಳಿಗೆ ಗುರುತು. ಅಮೆರಿಕ ಎಂದರೆ ಕರಿಬೇವು ಬಿಡದ ದೇಶ. ಕರಿಬೇವಿನ ಎಲೆಯಲ್ಲಿ ಕೂರುವ ಒಂದು ಸಣ್ಣ ಹುಳು ಅಲ್ಲಿನ ಕಿತ್ತಳೆ ನಿಂಬೆ ತೋಟಗಳಿಗೆ ರೋಗ ಹಬ್ಬಿಸುತ್ತದೆ, ಅದಕ್ಕೆ ಎಂದು ವಿವರಿಸಿದೆ. ರೈತಾಪಿ ಹೆಂಗಸು, ಆ ಕಾರಣವನ್ನು ಒಪ್ಪಿಕೊಂಡಳು. ಆಸ್ಟ್ರೇಲಿಯಾ ಎಂದರೆ ಬೀಜ ಬಿಡದ ದೇಶ; ಮೊಳೆಯುವಂಥ ಕಾಳು ಕಂಡರೆ ಕಸಿದುಕೊಳ್ಳುತ್ತಾರೆ, ಹೇಳದೆ ಒಯ್ದರೆ ದಂಡ. ಮಗಳಿಗೆ ಅವರೆಬೀಜ ಕಳಿಸುವ ಆಸೆಯನ್ನು ಅವಳು ಕಷ್ಟಪಟ್ಟು ಬಿಟ್ಟಳು, ಹುಣಸೆಹಣ್ಣಿನ ಪ್ರತಿ ತೊಳೆಯಿಂದ ಬೀಜ ತೆಗೆದು, ಕನ್ನಡಕ ಹಾಕಿಕೊಂಡು ಎರಡನೇ ಸಲ ನೋಡಿ ಕಳಿಸುತ್ತಿದ್ದಳು.

ದುಬೈ ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಅಲ್ಲಿ ಗಸಗಸೆ ನಿಷಿದ್ಧ. ಅಫೀಮಿನ ಗಿಡದ್ದೇ ಬೀಜವಾದ್ದರಿಂದ ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ, ಸಿಕ್ಕಿಬಿದ್ದರೆ ಜೈಲಿನ ಮಾತು. ಕೊನೆಯ ಮಗನಿಗೆ ಗಸಗಸೆ ಪಾಯಸ ಎಂದರೆ ಪ್ರಾಣ. “ಹಬ್ಬದೂಟ ಉಂಡು ಮಧ್ಯಾಹ್ನ ಮಲಗೋದು ಅಪರಾಧ ಅಂದ್ರೆ ನಮ್ಮೂರಲ್ಲಿ ಹೊರಗಿರೋರು ಯಾರು?” ಎಂದು ವಾದಿಸುತ್ತಿದ್ದಳು. ಆದರೂ ಹೆದರಿಕೆ ಇತ್ತು. ದುಬೈ ಗಂಟು ಕಟ್ಟುವ ದಿನ ಗಸಗಸೆ ಡಬ್ಬಿಯನ್ನು ಅಡಿಗೆಮನೆಯಿಂದ ಎತ್ತಿ ದೇವರ ಗೂಡಿನಲ್ಲಿ ಇಟ್ಟುಬಿಡುತ್ತಿದ್ದಳು, ಒಂದು ಕಾಳೂ ಹಾರಿ ಗಂಟಿಗೆ ಬೀಳದಿರಲೆಂದು.

ಮಗನ ಮಗು ಹುಟ್ಟಿದಾಗ ಬಾಣಂತನಕ್ಕೆಂದು ಒಮ್ಮೆ ನ್ಯೂಜೆರ್ಸಿಗೂ ಹೋಗಿದ್ದಳು. ಆರು ತಿಂಗಳು ಇರಬಹುದಿತ್ತು. ಇಲ್ಲಿ ಹಸು ಗಬ್ಬವಾಗಿದೆ ಎಂದು ಮೊದಲೇ ಬಂದುಬಿಟ್ಟಳು. ಹೇಗಿತ್ತು ಎಂದರೆ, “ಎಲ್ಲಾ ಚೆನ್ನಾಗೈತೆ. ಸಂಡಿಗೆ ಒಣಗಾಕಿದ್ರೆ ಅಳಿಲು ತಿನ್ನುತ್ತೆ, ಓಡಿಸಿದ್ರೆ ಪಕ್ಕದ ಮನೆಯೋಳು ಪಾಪ ಅಂತಾಳೆ.”

ಮಕ್ಕಳು ಅವಳಿಗೆ ಕಳಿಸುತ್ತಿದ್ದ ವಸ್ತುಗಳದ್ದು ಬೇರೆ ಕಥೆ. ಅಮೆರಿಕದ ನೀರು ಕಾಯಿಸುವ ಕೆಟಲ್ 120 ವೋಲ್ಟಿನದು. ನಮ್ಮ 230ಕ್ಕೆ ಸಿಕ್ಕಿಸಿದ ಮೊದಲ ದಿನವೇ ಹೊಗೆ ಬಿಟ್ಟು ಸತ್ತಿತು. ಮೆಲ್ಬರ್ನಿನ ಉಣ್ಣೆಯ ಕೋಟು ಹಾಕಿಕೊಂಡು ಹಾಲು ಕರೆಯುತ್ತಿದ್ದಳು. ಹಸು ಮೊದಮೊದಲು ಒದೆಯಿತು, ಆಮೇಲೆ ಒಗ್ಗಿಕೊಂಡಿತು.

ಹೊತ್ತಿನ ಲೆಕ್ಕದಲ್ಲಂತೂ ಅವಳನ್ನು ಮೀರಿಸಲಾಗುತ್ತಿರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ನ್ಯೂಜೆರ್ಸಿಯವನು ರಾತ್ರಿ ಊಟ ಮುಗಿಸಿರುತ್ತಾನೆ. ಇಲ್ಲಿ ಸಂಜೆ ಮುದ್ದೆ ತಿರುವುವಾಗ ಮೆಲ್ಬರ್ನಿನವಳಿಗೆ ನಡುರಾತ್ರಿ. ದುಬೈನವನು ಒಂದೂವರೆ ಗಂಟೆ ಹಿಂದೆ, ಅವನು ಚಿಕ್ಕವನಿಂದಲೂ ಹಾಗೇ. ವರ್ಷಕ್ಕೆರಡು ಸಲ ಅಮೆರಿಕದವರು ಗಡಿಯಾರ ತಿರುಗಿಸಿಕೊಳ್ಳುವುದನ್ನು ಮಾತ್ರ ಅವಳು ಮಾನ್ಯ ಮಾಡಲಿಲ್ಲ. ಮುಳ್ಳು ತಿರುಗಿಸಿದರೆ ಹಸು ಮುಂಚೆ ಹಾಲು ಕೊಡುತ್ತದೆಯೇ ಎಂದು ಕೇಳಿದರೆ ನಾವು ಏನು ಹೇಳುವುದು? ವಿಡಿಯೋ ಕಾಲಿನಲ್ಲಿ ಅವಳ ಹಣೆ ಮತ್ತು ಮನೆಯ ಜಂತೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೊಮ್ಮಕ್ಕಳು ಅಜ್ಜಿಯನ್ನು ವಿಭೂತಿಯ ಮೂರು ಗೆರೆಯಿಂದಲೇ ಗುರುತು ಹಿಡಿಯುತ್ತಿದ್ದವು.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಬಸವಣ್ಣನ ಪ್ರತಿಮೆ ನಿಲ್ಲಿಸಿದ್ದಾರೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು ಎಂದು ಟೀವಿಯಲ್ಲಿ ನೋಡಿದವಳಿಗೆ ಬಂದ ಮೊದಲ ಯೋಚನೆ, ಆ ಚಳಿಯಲ್ಲಿ ಅವನಿಗೆ ವಿಭೂತಿ ಹಚ್ಚುವವರು ಯಾರು ಎಂಬುದು. ಲಂಡನ್ ಕಡೆ ಹೋಗುವವರು ಯಾರಾದರೂ ಇದ್ದಾರಾ ಎಂದು ಒಂದು ವಾರ ವಿಚಾರಿಸಿದಳು. ನಮ್ಮ ಪುಣ್ಯ, ಯಾರೂ ಇರಲಿಲ್ಲ.

ಹೀಗಿರುವಾಗ ವಿಮಾನದ ಕಾರ್ಖಾನೆಯೇ ಕಾವಲಿಗೆ ಬಂತು. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ. 2016ರ ಜನವರಿ 3ರಂದು ಅಡಿಗಲ್ಲು, 2023ರ ಫೆಬ್ರುವರಿ 6ರಂದು ಉದ್ಘಾಟನೆ, ಎರಡಕ್ಕೂ ಪ್ರಧಾನಿಯೇ ಬಂದರು. ಮೊದಲು ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, ಆಮೇಲೆ 90 ಎಂದು ಹೇಳಿದರು. ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್ ಎಂದು ನಾನು ಪೇಪರಿನಿಂದ ಓದಿ ಹೇಳಿದೆ. “ಮೂರು ಟನ್ ಅಂತೀಯ. ಅದರೊಳಗೆ ನಂದೊಂದು ಚೂರು ಜಾಸ್ತಿಯಾಗುತ್ತಾ?” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಜಗಲಿಯ ಮೇಲೆ ಹುಣಸೆ ಬೀಜ ತೆಗೆಯುತ್ತ ಕೂತಿದ್ದವಳು, “ಮಕ್ಕಳು ಕೆಲಸ ಹುಡುಕ್ಕೊಂಡು ಹೋದ್ರು. ಕೆಲಸ ಅವರನ್ನ ಹುಡುಕ್ಕೊಂಡು ಇಲ್ಲಿಗೆ ಬಂತು. ಇಬ್ರಿಗೂ ದಾರೀಲಿ ಭೇಟಿ ಆಗ್ಲಿಲ್ಲ ನೋಡು” ಎಂದಳು. ಅವತ್ತು ಅವಳಿಗೆ ಬೇಸರವಿತ್ತೋ, ಬರೀ ಲೆಕ್ಕ ಹೇಳಿದಳೋ, ನನಗೆ ತಿಳಿಯಲಿಲ್ಲ. ಬೇಸರವನ್ನು ಮಾತಿನಲ್ಲಿ ಹೇಳುವ ರೂಢಿ ಅವಳಿಗಿರಲಿಲ್ಲ. ಬೇಸರ ಜಾಸ್ತಿಯಾದ ತಿಂಗಳು ಗಂಟು ದಪ್ಪವಾಗುತ್ತಿತ್ತು, ಅಷ್ಟೇ. ಹೊರುವವರಾದ ನಮಗೆ ಅದು ಹೆಚ್ಚುವರಿ ಕೆ.ಜಿ.ಯಾಗಿ ಕಂಡಿತು, ತೂಗಿ ನೋಡಿ ಬೈದೆವು.

ಹೋದ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ಹಾಲು ಕರೆದಿಟ್ಟು ಒಳಗೆ ಬಂದು ಮಲಗಿದವಳು ಏಳಲಿಲ್ಲ. ದುಬೈನವನು ಅವತ್ತೇ ಸಂಜೆ ಬಂದ. ಮೆಲ್ಬರ್ನಿನವಳು ಬರಲಿ ಎಂದು ಐಸ್ ಪೆಟ್ಟಿಗೆ ತರಿಸಿ ಕಾದೆವು. ಅವಳಿಗೆ ಮುಖ ಸಿಕ್ಕಿತು. ನ್ಯೂಜೆರ್ಸಿಯವನ ವಿಮಾನ ನಡುದಾರಿಯಲ್ಲಿ ತಡವಾಗಿ, ಅವನು ಕಾವಲಿಗೆ ಬರುವ ಹೊತ್ತಿಗೆ ತೋಟದಲ್ಲಿ ಮಣ್ಣು ಮಾಡಿ ಆಗಿತ್ತು. ಮೂವರು ಮಕ್ಕಳೂ ಆ ಮನೆಯಲ್ಲಿ ಒಟ್ಟಿಗೆ ಮಲಗಿದ್ದು ಎಷ್ಟೋ ವರ್ಷಗಳ ಮೇಲೆ. ಮೂವರಿಗೂ ಬೇರೆ ಬೇರೆ ಹೊತ್ತಿಗೆ ಎಚ್ಚರವಾಗುತ್ತಿತ್ತು.

ಶಿವಗಣಾರಾಧನೆ ಮುಗಿದ ಮೇಲೆ ಪೆಟ್ಟಿಗೆ, ಡಬ್ಬಿ ಎಲ್ಲ ತೆಗೆದು ನೋಡುವಾಗ ಒಂದು ಹಳೇ ಡೈರಿ ಸಿಕ್ಕಿತು. ಒಂದು ಕಡೆಯಿಂದ ಡೈರಿಗೆ ಹಾಕಿದ ಹಾಲಿನ ಲೆಕ್ಕ. ತಿರುಗಿಸಿ ಹಿಂದಿನಿಂದ ತೆಗೆದರೆ ಗಂಟಿನ ಲೆಕ್ಕ. ಯಾರು, ಯಾವ ದೇಶ, ಏನೇನು, ಮುಟ್ಟಿತೋ ಇಲ್ಲವೋ, ಕೊನೆಗೆ ಹೊತ್ತವರ ಗುಣಾವಗುಣ. ‘ಮೇಷ್ಟ್ರ ಸೊಸೆ. ಆಸ್ಟ್ರೇಲಿಯ. ಹುಣಸೆ. ಮುಟ್ಟಿತು. ಒಳ್ಳೇ ಹುಡುಗಿ.’ ‘ಗುಬ್ಬಿ ಹುಡುಗ. ದುಬೈ. ನಿಪ್ಪಟ್ಟು. ಅರ್ಧ ಮುಟ್ಟಿತು. ದಾರೀಲಿ ತಿಂದವನೆ. ಹಸಿವಾಗಿತ್ತೇನೊ.’ ನನ್ನ ಹೆಸರು ಹಲವು ಪುಟಗಳಲ್ಲಿತ್ತು. ಪ್ರತಿ ಸಲವೂ ಷರಾ ಒಂದೇ: ‘ಗೊಣಗ್ತಾನೆ. ಒಯ್ತಾನೆ.’ ಕಂಪನಿಯವರು ವರ್ಷವರ್ಷ ಪುಟಗಟ್ಟಲೆ ಬರೆದುಕೊಡುವ ಕೆಲಸದ ವರದಿಯಲ್ಲಿ ನನ್ನನ್ನು ಇಷ್ಟು ಸರಿಯಾಗಿ ಯಾರೂ ಬರೆದಿಲ್ಲ.

ಡೈರಿ ಈಗ ನನ್ನ ಹತ್ತಿರ ಇದೆ. ಅಟ್ಟದ ಹೊರದೇಶದ ಮೂಲೆಯೂ ಹೇಗೋ ನನ್ನ ಪಾಲಿಗೇ ಬಂತು. ಅಣ್ಣ ಫ್ರೀಜರಿನ ಚೀಲಗಳನ್ನು ಈಗ ತೆಗೆದಿದ್ದಾನಂತೆ, ಭಾನುವಾರಕ್ಕೊಂದು ಚಮಚ ಚಟ್ನಿಪುಡಿ. ಎಷ್ಟು ಭಾನುವಾರ ಬಂದೀತು ಎಂದು ತಂಗಿ ಮೆಲ್ಬರ್ನಿನಿಂದ ಪಾಲು ಕೇಳುತ್ತಿದ್ದಾಳೆ. ನನ್ನ ಹೆಂಡತಿ ಅದೇ ಅಳತೆಯಲ್ಲಿ ಕುಟ್ಟಿ ನೋಡಿದಳು. ಉಪ್ಪು ಜಾಸ್ತಿ ಎಂದು ಮೂರು ಖಂಡಗಳಿಂದಲೂ ಅಭಿಪ್ರಾಯ ಬಂತು. ಆದರೂ ಇನ್ನೊಂದು ಸಲ ಕಳಿಸಿ ಎಂದರು.

ಆದ್ದರಿಂದ ಈ ಬರಹ ಓದಿದವರಲ್ಲಿ ಒಂದು ಅರಿಕೆ. ದೀಪಾವಳಿಗೆ ಮುಂಚೆ ಮೆಲ್ಬರ್ನ್ ಕಡೆ ಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಗಂಟನ್ನು ನಿಮ್ಮ ಮನೆಗೇ ತಂದುಕೊಡುತ್ತೇನೆ. ಕೊಬ್ಬರಿ ಇಲ್ಲ. ಗಸಗಸೆ ಇಲ್ಲ. ಹುಣಸೆಹಣ್ಣಿನ ಬೀಜ ಎರಡು ಸಲ ನೋಡಿ ತೆಗೆದಿದ್ದೇವೆ. ಜಾಸ್ತಿಯೇನಿಲ್ಲ, ಒಂದು ಚೂರು.